ಕೆಂಪೋ ಹಸಿರೋ

ಒತೀಲಿಯಾ ಆರ್ಚುಲೇಟಾಳಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಪೇನ್ಯಾ ವೆರ್ದೆ ಊರಿನ ಮಕ್ಕಳು ಇಪ್ಪತ್ತೆರಡು ವರ್ಷಗಳಿಂದ ನಂಬಿಕೊಂಡು ಬಂದಿದ್ದರು. ದೊಡ್ಡವರಿಗೆಲ್ಲ ನಿಜ ಗೊತ್ತಿತ್ತು. ಆಕೆ ಹುಟ್ಟಿದ್ದು ಅದೇ ಊರಿನಲ್ಲಿ, ಕಾಲೇಜು ಓದಿದ್ದು ಇಂಗ್ಲಿಷಿನಲ್ಲಿ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತೆರಿಗೆ ಕಚೇರಿಯಲ್ಲಿ ಆಕೆಯ ಇಂಗ್ಲಿಷಿಗೆ ಎದುರಾಡುವವರು ಇರಲಿಲ್ಲ. ಆದರೆ ಸರ್ಕಾರಿ ಪ್ರಾಥಮಿಕ ಶಾಲೆಯ ಒಂದನೇ ತರಗತಿಯಲ್ಲಿ ಆಕೆ ಸ್ಪ್ಯಾನಿಷ್ ಕಡೆಯ ಟೀಚರು. ತರಗತಿಯಲ್ಲಿ ಇಪ್ಪತ್ತನಾಲ್ಕು ಮಕ್ಕಳು. ಅರ್ಧ ಮಕ್ಕಳ ಮನೆಯಲ್ಲಿ ಸ್ಪ್ಯಾನಿಷ್, ಇನ್ನರ್ಧ ಮಕ್ಕಳ ಮನೆಯಲ್ಲಿ ಇಂಗ್ಲಿಷ್. ಊಟದ ಗಂಟೆಯವರೆಗೆ ಎಲ್ಲರೂ ಆಕೆಯ ಕೋಣೆಯಲ್ಲಿ. ಅಲ್ಲಿ ಲೆಕ್ಕವೂ ಸ್ಪ್ಯಾನಿಷ್, ಬೈಗುಳವೂ ಸ್ಪ್ಯಾನಿಷ್, ಮೂತ್ರಕ್ಕೆ ಹೋಗಲು ಅನುಮತಿ ಕೇಳುವುದೂ ಸ್ಪ್ಯಾನಿಷ್. ಊಟವಾದ ಮೇಲೆ ಎದುರು ಕೋಣೆಯ ಹ್ಯಾಸ್ಕೆಲ್ ಮೇಷ್ಟರ ಬಳಿ ಇಂಗ್ಲಿಷ್. ತನಗೆ ಇಂಗ್ಲಿಷ್ ಗೊತ್ತೆಂದು ತಿಳಿದ ದಿನವೇ ಮಕ್ಕಳು ಸುಲಭದ ದಾರಿ ಹಿಡಿಯುತ್ತಾರೆ, ಮೊದಲು ಇಂಗ್ಲಿಷ್ ಮನೆಯ ಮಕ್ಕಳು, ಅವರ ಹಿಂದೆಯೇ ಸ್ಪ್ಯಾನಿಷ್ ಮನೆಯ ಮಕ್ಕಳು ಎಂದು ಒತೀಲಿಯಾಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಮಕ್ಕಳಿರುವ ಕಡೆ ಒಂದು ಇಂಗ್ಲಿಷ್ ಮಾತೂ ಆಕೆಯ ಬಾಯಿಂದ ಹೊರಡುತ್ತಿರಲಿಲ್ಲ.

ಇದು ಸುಳ್ಳಾಡಿದ ಹಾಗಾಗುವುದಿಲ್ಲವೇ ಎಂಬ ಅಳುಕಿನಿಂದ ಮೊದಲ ವರ್ಷವೇ ಆನ್ಸೆಲ್ಮೊ ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿಕೊಂಡಿದ್ದಳು. ಪಾದ್ರಿಗಳು ನಕ್ಕುಬಿಟ್ಟಿದ್ದರು. "ಕ್ರಿಸ್ಮಸ್ ನಾಟಕದಲ್ಲಿ ಪ್ರತಿವರ್ಷ ಸೈತಾನನ ವೇಷ ಹಾಕೋ ನಮ್ಮ ಬಡಗಿ ಇಲ್ಲಿಗೆ ಬಂದು ಮಂಡಿಯೂರ್ತಾನೇನಮ್ಮಾ? ಹೋಗು, ಹೋಗಿ ಪಾಠ ಮಾಡು."

ಇಂಗ್ಲಿಷ್ ಬಾರದವಳ ಈ ನಾಟಕದಲ್ಲಿ ಆಕೆಯ ಗಂಡ ಎಲಿಸೇಯೊನದೂ ಒಂದು ಪಾತ್ರವಿತ್ತು. ಅಂಚೆಯವನಾಗಿದ್ದ ಅವನಿಗೆ ಊರಿನವರೆಲ್ಲ ಪರಿಚಯ. ಶನಿವಾರ ಇಬ್ಬರೂ ಅಂಗಡಿಗೆ ಹೋದಾಗ ಯಾವುದಾದರೂ ಸಾಲಿನಲ್ಲಿ ಆಕೆಯ ಶಾಲೆಯ ಮಗುವೊಂದು ಕಂಡರೆ ಸಾಕು, ಒತೀಲಿಯಾ ಬಾಯಿ ಮುಚ್ಚುತ್ತಿದ್ದಳು, ಎಲಿಸೇಯೊ ಮುಂದೆ ಬಂದು ದುಭಾಷಿಯಾಗುತ್ತಿದ್ದ. "ಎರಡು ಪೌಂಡ್ ಕೊಡಲಿ" ಎಂದು ಆಕೆ ಸ್ಪ್ಯಾನಿಷಿನಲ್ಲಿ ಮೆಲ್ಲಗೆ ಹೇಳಿದರೆ, ಅವನು ಮಾಂಸದ ಅಂಗಡಿಯವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಈ ಮಾಂಸ ಹೋದ ವಾರದ್ದು, ನಿನ್ನ ಮುಖದ ಹಾಗೇ ಬಾಡಿದೆ ಅಂತ ನಮ್ಮನೆಯವಳು ಹೇಳ್ತಿದಾಳೆ" ಎನ್ನುತ್ತಿದ್ದ. ಮಗು ಎದುರಿಗಿದ್ದುದರಿಂದ ಒತೀಲಿಯಾ ಏನೂ ಅರ್ಥವಾಗದವಳ ಹಾಗೆ ನಿಂತಿರಬೇಕಾಗಿತ್ತು. ಕಾರಿಗೆ ಬಂದ ಮೇಲೆ ಅವನ ತೋಳಿಗೆ ಎರಡು ಗುದ್ದು ಬೀಳುತ್ತಿದ್ದವು.

ಜನವರಿಯಲ್ಲಿ ಎಲಿಸೇಯೊ ತೀರಿಕೊಂಡ. ಹಿಮ ತೆಗೆಯಲು ಸಲಿಕೆ ಹಿಡಿದವನು ಬಾಗಿಲ ಹೊರಗೇ ಕುಸಿದಿದ್ದ. ಮಾರ್ಚಿನಲ್ಲಿ ಮೊದಲ ಸಲ ಅಂಗಡಿಗೆ ಒಬ್ಬಳೇ ಹೋದಾಗ, ಮಾಂಸದ ಕಟ್ಟೆಯ ಎದುರಿಗೆ ಹಳೆಯ ವಿದ್ಯಾರ್ಥಿನಿ ಯಾದಿರಾ ತಾಯಿಯ ಕೈ ಹಿಡಿದು ನಿಂತು ಸ್ಪ್ಯಾನಿಷಿನಲ್ಲಿ ಟೀಚರನ್ನು ಕರೆಯುವ ಹಾಗೆ "ಮಾಯೆಸ್ತ್ರಾ!" ಎಂದು ಕೂಗಿದಳು. ಅಂಗಡಿಯವನು ಹೊಸಬ, ಸ್ಪ್ಯಾನಿಷ್ ಅರಿಯದವನು. ಒತೀಲಿಯಾ ಬೆರಳು ತೋರಿಸಿದಳು. ಅವನಿಗೆ ಅರ್ಥವಾಗಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದಳು, ಅಲ್ಲಿ ಯಾರೂ ಇರಲಿಲ್ಲ. ಏನೂ ಕೊಳ್ಳದೆ ಮನೆಗೆ ಬಂದು ಅಡುಗೆಮನೆಯ ಕುರ್ಚಿಯ ಮೇಲೆ ಕುಳಿತಳು. ಆಮೇಲೆ ಮಾಂಸ ಬೇಕಾದಾಗಲೆಲ್ಲ ನಲವತ್ತು ಮೈಲಿ ದೂರದ ಬೇರೆ ಊರಿಗೆ ಹೋಗತೊಡಗಿದಳು.

ಎಲಿಸೇಯೊನನ್ನು ಮಣ್ಣು ಮಾಡಿದ್ದು ಒಂಬತ್ತು ಮೈಲಿ ಆಚೆಯ ಸಂತ ಇಸಿದ್ರೊ ಇಗರ್ಜಿಯ ಹಿಂದೆ, ಅವನ ಹಿರಿಯರ ಮಗ್ಗುಲಲ್ಲಿ. ಪ್ರತಿದಿನ ಬೆಳಿಗ್ಗೆ ಆರೂವರೆಗೆ ಆಕೆ ಅಲ್ಲಿಗೆ ಹೋಗಿ, ಜಪಸರದ ಒಂದು ಸುತ್ತು ಮುಗಿಸಿ, ಅಲ್ಲಿಂದಲೇ ಶಾಲೆಗೆ ಬರುತ್ತಿದ್ದಳು.

ಆ ವರ್ಷ ಆಗಸ್ಟಿನಲ್ಲಿ ತರಗತಿಗೆ ಸೇರಿದ ಹೊಸ ಹುಡುಗಿ ಡಾರ್ಸಿ. ಆರೂವರೆ ವರ್ಷ. ತಾಯಿ ಇರಲಿಲ್ಲ. ತಂದೆ ದಕ್ಷಿಣದ ಎಣ್ಣೆಬಾವಿಗಳಲ್ಲಿ ಕೆಲಸಗಾರ, ಹದಿನೈದು ದಿನಕ್ಕೊಮ್ಮೆ ಬರುವವನು. ಜೊತೆಯಲ್ಲಿ ದುಡಿಯುವವರೆಲ್ಲ ಸ್ಪ್ಯಾನಿಷ್ ಆಡುವವರಾದ್ದರಿಂದ ಮಗಳಾದರೂ ಅದನ್ನು ಕಲಿಯಲೆಂದು ಈ ತರಗತಿಗೆ ಹಾಕಿದ್ದ. ಹುಡುಗಿಯನ್ನು ನೋಡಿಕೊಳ್ಳಲು ಅವನ ತಾಯಿ ವರ್ನಾ ಕ್ಯಾನ್ಸಸ್‌ನಿಂದ ಬಂದಿದ್ದಳು. ಇಸಿದ್ರೊ ಇಗರ್ಜಿಯ ದಾರಿಯಲ್ಲಿ ಅವರ ಮನೆ. ಅದು ಈ ಶಾಲೆಯ ಎಲ್ಲೆಯ ಹೊರಗಿದ್ದುದರಿಂದ ಶಾಲೆಯ ಬಸ್ಸು ಅತ್ತ ಹೋಗುತ್ತಿರಲಿಲ್ಲ. ಎಲ್ಲೆಯ ಹೊರಗಿನವರು ತಮ್ಮ ಮಕ್ಕಳನ್ನು ತಾವೇ ಕರೆತರಬೇಕು. ವರ್ನಾ ತನ್ನ ಹಳೆಯ ಕಂದು ಕಾರಿನಲ್ಲಿ ಮೊಮ್ಮಗಳನ್ನು ಕರೆತರುತ್ತಿದ್ದಳು. ಪೋಷಕರ ಸಭೆಗೆ ಕರೆದರೂ ಕಾರಿನಿಂದ ಇಳಿಯುತ್ತಿರಲಿಲ್ಲ. ಬಹಳ ಬಿಗುಮಾನದ ಮುದುಕಿಯೆಂದು ಶಾಲೆಯಲ್ಲಿ ಹೆಸರಾಗಿತ್ತು.

ಅಕ್ಟೋಬರ್ ಬಂದರೂ ಡಾರ್ಸಿಯ ಬಾಯಿಂದ ಒಂದು ಸ್ಪ್ಯಾನಿಷ್ ಪದ ಹೊರಟಿರಲಿಲ್ಲ. ಹೊಸ ಮಕ್ಕಳು ಕೆಲವು ವಾರ ಮೌನವಾಗಿರುವುದು ಹೊಸದೇನಲ್ಲ, ಆದರೆ ಹ್ಯಾಸ್ಕೆಲ್ ಮೇಷ್ಟರಿಗೆ ಚಿಂತೆ ಹತ್ತಿತ್ತು. "ಎರಡು ತಿಂಗಳು ಕಳೀತು ಒತೀಲಿಯಾ. ಇಪ್ಪತ್ತೆಂಟನೇ ತಾರೀಕು ಪರಿಶೀಲನೆ ಇದೆ. ಕಾಯ್ತಿರೋ ಮಕ್ಕಳ ಪಟ್ಟಿ ಉದ್ದ ಇದೆ. ಅವಳು ಬಾಯಿ ಬಿಡದೇ ಇದ್ರೆ ಬೇರೆ ಶಾಲೆಗೆ ಕಳಿಸೋದೇ ಅವಳಿಗೂ ಒಳ್ಳೇದು." ಒಂದನೇ ತರಗತಿ ದಾಟಿದ ಮೇಲೆ ಈ ಎರಡು ಭಾಷೆಯ ತರಗತಿಗಳಿಗೆ ಮತ್ತೆ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಹೋದವರು ಹೋದ ಹಾಗೆಯೇ.

ಆದರೆ ಡಾರ್ಸಿ ಬಾಯಿಲ್ಲದ ಹುಡುಗಿಯಲ್ಲವೆಂಬುದು ಒತೀಲಿಯಾಳಿಗೊಬ್ಬಳಿಗೇ ಗೊತ್ತಿತ್ತು. ತರಗತಿಯ ಹಿಂದೆ ಮಕ್ಕಳು ಬೆಳೆಸಿದ ಮೆಣಸಿನಕಾಯಿಯ ಪಾತಿ ಇತ್ತು. ಊಟದ ಹೊತ್ತಿನಲ್ಲಿ ಉಳಿದವರು ಆಟಕ್ಕೆ ಓಡಿದರೆ ಡಾರ್ಸಿ ನೀರಿನ ಡಬ್ಬಿ ಹಿಡಿದು ಪಾತಿಗೆ ಬರುತ್ತಿದ್ದಳು. ಅಲ್ಲಿ ಕಳೆ ಕೀಳುತ್ತಿದ್ದ ಒತೀಲಿಯಾಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಸೆಪ್ಟೆಂಬರಿನ ಒಂದು ದಿನ, ಇಂಗ್ಲಿಷಿನಲ್ಲಿ ಮೆಲ್ಲನೆ ಕೇಳಿದ್ದಳು: "ಮಾಯೆಸ್ತ್ರಾ, ನಿಮಗೆ ನಾನು ಹೇಳೋದು ಒಂದೂ ಅರ್ಥ ಆಗಲ್ಲ ಅಲ್ವಾ?"

ಒತೀಲಿಯಾ ಅವಳ ಮುಖ ನೋಡಿ ಸುಮ್ಮನೆ ನಕ್ಕಿದ್ದಳು.

"ಆಗಲ್ಲ. ಸರಿ ಹಾಗಾದ್ರೆ, ಹೇಳ್ತೀನಿ" ಎಂದು ಹುಡುಗಿ ಶುರುಮಾಡಿದ್ದಳು. ಆವತ್ತಿನಿಂದ ದಿನಾ ಅರ್ಧ ಗಂಟೆ ಅದೇ ಕೆಲಸ. ಬಟಾಣಿಯನ್ನು ಕಾಲುಚೀಲದಲ್ಲಿ ಬಚ್ಚಿಟ್ಟದ್ದು, ಅಪ್ಪ ಹೊರಡುವಾಗ ಕಾರಿನಲ್ಲಿ ಕುಳಿತು ಅತ್ತದ್ದನ್ನು ಕಿಟಕಿಯಿಂದ ನೋಡಿದ್ದು, ಅಮ್ಮನ ಮುಖ ಈಗೀಗ ಫೋಟೋದಲ್ಲಿದ್ದ ಹಾಗೆ ಮಾತ್ರ ನೆನಪಾಗುವುದು, ಎಲ್ಲವೂ ಬರುತ್ತಿತ್ತು. "ಹೌದೇನು? ಬುಡಕ್ಕೆ ಹಾಕು ಕಂದಾ, ಎಲೆ ಮೇಲೆ ಬೇಡ" ಎಂದು ಒತೀಲಿಯಾ ಸ್ಪ್ಯಾನಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಪಾದ್ರಿಯಲ್ಲದವಳು ಪಾಪನಿವೇದನೆಯ ಪೀಠದಲ್ಲಿ ಕುಳಿತ ಹಾಗೆ ಆಕೆಗೆ ಒಳಗೊಳಗೇ ಮುಜುಗರವಾಗುತ್ತಿತ್ತು. ಆದರೂ ಆ ಮಗುವಿನ ಬಾಯಿ ಮುಚ್ಚಿಸಲು ಮನಸ್ಸು ಬರುತ್ತಿರಲಿಲ್ಲ.

ಅಕ್ಟೋಬರಿನ ಒಂದು ಮಂಗಳವಾರ ಡಾರ್ಸಿ ನೀರು ಹಾಕುವಾಗ ಗಿಡದ ಕಡೆ ನೋಡುತ್ತಲೇ ಇರಲಿಲ್ಲ. ಡಬ್ಬಿಯ ನೀರು ಅವಳ ಬೂಟಿನ ಮೇಲೆ ಚೆಲ್ಲಿತು.

"ಇವತ್ತು ಬೆಳಿಗ್ಗೆ ಸ್ವಲ್ಪದರಲ್ಲಿ ತಪ್ಪಿತು ಮಾಯೆಸ್ತ್ರಾ" ಎಂದಳು ಇಂಗ್ಲಿಷಿನಲ್ಲಿ. "ನಂದೇ ತಪ್ಪು. ಬೇಲಿ ಹತ್ರ ಒಂದು ಕುದುರೆ ಇತ್ತು, ನಾನು ಅದನ್ನ ನೋಡ್ತಿದ್ದೆ. ಕೆಂಪು ಅಂತ ಹೇಳೋದು ಮರೆತೆ. ದೊಡ್ಡ ಲಾರಿ ಬಂತು. ಹಾರ್ನ್ ಹೊಡೀತು. ಅಳಬೇಡ ಅಂತ ಅಜ್ಜಿ ಹೇಳಿದ್ರು, ಆಮೇಲೆ ಅವರೇ ಅತ್ರು."

ಕಳೆ ಕೀಳುತ್ತಿದ್ದ ಒತೀಲಿಯಾಳ ಕೈ ಅಲ್ಲೇ ನಿಂತಿತು.

"ಅಜ್ಜಿಗೆ ನಡುವೆ ಕಾಣಲ್ಲ. ನಡುವೆ ಕಪ್ಪು ಬಟ್ಟೆ ಹಾಕಿದ ಹಾಗೆ ಇರುತ್ತಂತೆ. ಅಂಚಲ್ಲಿ ಸ್ವಲ್ಪ ಕಾಣುತ್ತೆ. ಅದಕ್ಕೇ ನಾನು ಮುಂದೆ ಕೂತು ಹೇಳ್ತೀನಿ. ಕೆಂಪು ಅಂತೀನಿ, ಹಸಿರು ಅಂತೀನಿ, ಎದುರಿಗೆ ಗಾಡಿ ಅಂತೀನಿ. ನನ್ನ ಬಿಟ್ಟ ಮೇಲೆ ಅಜ್ಜಿ ಮನೆಗೆ ಹೋಗಲ್ಲ, ನಾನಿಲ್ದೆ ಹೋಗೋಕಾಗಲ್ಲ. ಗೇಟ್ ಹತ್ರ ಮರದ ಕೆಳಗೆ ಮೂರು ಗಂಟೆವರೆಗೆ ರೇಡಿಯೋ ಕೇಳ್ಕೊಂಡು ಕೂತಿರ್ತಾರೆ." ಹುಡುಗಿ ಮೂಗೊರೆಸಿಕೊಂಡಳು. "ಅಪ್ಪನಿಗೂ ಗೊತ್ತಿಲ್ಲ. ಯಾರಿಗೂ ಹೇಳ್ಬಾರದು. ಹೇಳಿದ್ರೆ ಕಾರು ಓಡಿಸೋಕೆ ಬಿಡಲ್ಲ. ಆಮೇಲೆ ನಾನು ಇಲ್ಲಿಗೆ ಬರೋಕಾಗಲ್ಲ. ನಿಮಗೆ ಮಾತ್ರ ಹೇಳ್ತಿದೀನಿ, ಯಾಕೆಂದ್ರೆ ನಿಮಗೆ ಅರ್ಥ ಆಗಲ್ಲ."

"ಈ ಗಿಡಕ್ಕೆ ಇಷ್ಟು ಸಾಕು ಕಂದಾ" ಎಂದು ಒತೀಲಿಯಾ ಸ್ಪ್ಯಾನಿಷಿನಲ್ಲಿ ಹೇಳಿದಳು. ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು.

ಮರದ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ನಿಂತಿರುವ ಆ ಕಂದು ಕಾರನ್ನು ಆಕೆ ಎರಡು ತಿಂಗಳಿಂದ ಕಾಣುತ್ತಿದ್ದಳು. ಮೊಮ್ಮಗಳ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿದ್ದಳು.

ಮಕ್ಕಳು ಹ್ಯಾಸ್ಕೆಲ್ ಮೇಷ್ಟರ ಕೋಣೆಗೆ ಹೋದ ಕೂಡಲೇ ಆಕೆ ಮುಖ್ಯೋಪಾಧ್ಯಾಯ ಲಿಯಾಂದ್ರೊನ ಬಳಿಗೆ ಹೋದಳು. ಅವನು ಆಕೆಯ ಮೊದಲ ವರ್ಷದ ವಿದ್ಯಾರ್ಥಿ. ಬೇಸ್‌ಬಾಲ್ ಪಂದ್ಯವೊಂದರಲ್ಲಿ ಆಕೆ ಅಂಪೈರಿಗೆ ಅಪ್ಪಟ ಇಂಗ್ಲಿಷಿನಲ್ಲಿ ಬೈದದ್ದನ್ನು ಹನ್ನೊಂದನೇ ವಯಸ್ಸಿನಲ್ಲಿ ಕೇಳಿ, ಎರಡು ದಿನ ಮಂಕಾಗಿ ಕುಳಿತಿದ್ದವನು. ಈಗಲೂ ಆಕೆಯ ಮುಂದೆ ಅವನು ಎದ್ದು ನಿಲ್ಲುತ್ತಿದ್ದ.

ಎಲ್ಲವನ್ನೂ ಕೇಳಿ ಅವನು ಫೋನಿನ ಮೇಲೆ ಕೈಯಿಟ್ಟ. "ಮಾಯೆಸ್ತ್ರಾ, ಇದು ಇವತ್ತೇ ಹೇಳಲೇಬೇಕಾದ ವಿಷಯ. ಮಗುವಿನ ತಂದೆಗೆ ಹೇಳ್ಬೇಕು, ಲೈಸೆನ್ಸ್ ಕಚೇರಿಗೂ ಹೇಳ್ಬೇಕು. ಕಾನೂನು ನಿಮಗೂ ಗೊತ್ತು."

"ಹೇಳು. ಬೇಡ ಅನ್ನೋಕೆ ಬಂದಿಲ್ಲ ನಾನು. ಆದ್ರೆ ಒಂದು ಮಾತು. ಕಾರು ಅಲ್ಲೇ ನಿಂತಿದೆ, ಮೂರು ಗಂಟೆವರೆಗೆ ಅಲ್ಲಾಡಲ್ಲ. ಅಲ್ಲೀವರೆಗೆ ತಡಿ."

"ಯಾಕೆ?"

"ಈಗಲೇ ಹೇಳಿದ್ರೆ ನನಗೆ ಇಂಗ್ಲಿಷ್ ಬರುತ್ತೆ ಅಂತ ಡಾರ್ಸಿಗೆ ಗೊತ್ತಾಗುತ್ತೆ."

"ಮಕ್ಕಳಿಗೆಲ್ಲ ಗೊತ್ತಾಗುತ್ತೆ, ಅಷ್ಟೇ ತಾನೆ? ಇಪ್ಪತ್ತೆರಡು ವರ್ಷದ ನಾಟಕ ಮುಗಿಯುತ್ತೆ."

"ಉಳಿದ ಮಕ್ಕಳಿಗೆ ಗೊತ್ತಾಗಲಿ ಬಿಡೋ! ಆ ಒಂದು ಮಗೂಗೆ ಗೊತ್ತಾಗಬಾರದು. ಇಡೀ ಊರಲ್ಲಿ ಒಂದು ಕಡೆ ಬಾಯಿ ಬಿಟ್ಟಿದಾಳೆ. ಅಲ್ಲೂ ಮೋಸ ಅಂತಾದ್ರೆ ಆಮೇಲೆ ಅವಳು ಯಾರ ಹತ್ರ ಬಾಯಿ ಬಿಡ್ತಾಳೆ? ಅವಳೇ ಹೇಳೋ ಹಾಗಾಗಲಿ. ಆಗದಿದ್ರೆ ಕಾರಿನ ಮುಂದೆ ನಿಂತು ನಾನೇ ಇಂಗ್ಲಿಷಲ್ಲಿ ಹೇಳ್ತೀನಿ. ಆ ಕಾರು ಮಾತ್ರ ಆ ಮಗುವನ್ನ ಕೂರಿಸ್ಕೊಂಡು ಹೊರಡಲ್ಲ."

ಲಿಯಾಂದ್ರೊ ಗಡಿಯಾರ ನೋಡಿದ. "ಮೂರೂ ಹತ್ತಕ್ಕೆ ನಾನು ಗೇಟಿಗೆ ಬರ್ತೀನಿ" ಎಂದ.

ಒತೀಲಿಯಾ ಪಾತಿಗೆ ಹೋಗಿ ಹಣ್ಣಾದ ಒಂದು ಮೆಣಸಿನಕಾಯಿ ಕಿತ್ತು ಏಪ್ರನ್ ಜೇಬಿಗೆ ಹಾಕಿಕೊಂಡಳು. ಏನು ಮಾಡಬೇಕೆಂದು ಆಕೆಗೆ ಆಗಲೂ ಪೂರ್ತಿ ತಿಳಿದಿರಲಿಲ್ಲ. ಮಾತೆ ಮರಿಯಳನ್ನು ನೆನೆದು, ಎಲಿಸೇಯೊನನ್ನೂ ನೆನೆದು, ಗೇಟಿಗೆ ನಡೆದಳು.

ಮರ ಹಳದಿಯಾಗಿತ್ತು. ಕಾರಿನ ಮೇಲೆಲ್ಲ ಎಲೆ ಬಿದ್ದಿತ್ತು. ಡಾರ್ಸಿ ಆಗಲೇ ಮುಂದಿನ ಬಾಗಿಲ ಬಳಿ ನಿಂತಿದ್ದಳು. ಸ್ಟೀರಿಂಗ್ ಹಿಡಿದು ಕುಳಿತಿದ್ದ ವರ್ನಾ ದಪ್ಪ ಮೂಳೆಯ, ಬಿಳಿ ಜಡೆಯ ಹೆಂಗಸು.

"ಡಾರ್ಸಿ, ಅಜ್ಜಿಗೆ ನಾನೊಂದು ಮಾತು ಹೇಳ್ಬೇಕು" ಎಂದಳು ಒತೀಲಿಯಾ ಸ್ಪ್ಯಾನಿಷಿನಲ್ಲಿ. "ನೀನೇ ತಿಳಿಸಿ ಹೇಳು. ದಿನಾ ಬೆಳಿಗ್ಗೆ ನಾನು ಇಸಿದ್ರೊ ಇಗರ್ಜಿಯಿಂದ ನಿಮ್ಮನೆ ಮುಂದೇನೇ ಬರ್ತೀನಿ. ಅಲ್ಲಿ ನನ್ನ ಗಂಡನ ಸಮಾಧಿ ಇದೆ. ಬರುವಾಗ ಕಾರಲ್ಲಿ ನಾನೊಬ್ಬಳೇ. ನಾಳೆಯಿಂದ ನಿನ್ನನ್ನ ನಾನೇ ಕರ್ಕೊಂಡು ಬರ್ತೀನಿ, ಸಂಜೆ ನಾನೇ ಬಿಡ್ತೀನಿ."

ಹುಡುಗಿ ಕಣ್ಣರಳಿಸಿ ನೋಡಿದಳು. ಆಮೇಲೆ ಕಿಟಕಿಯತ್ತ ತಿರುಗಿ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ. ಇಗರ್ಜಿಯನ್ನು ಬಿಡಲಿಲ್ಲ, ಸಮಾಧಿಯನ್ನು ಬಿಡಲಿಲ್ಲ, 'ನಾನೊಬ್ಬಳೇ' ಎಂಬುದನ್ನೂ ಬಿಡಲಿಲ್ಲ. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದ ಹುಡುಗಿಯ ಒಳಗೆ ಎಲ್ಲವೂ ಇಳಿದಿತ್ತು.

ವರ್ನಾಳ ಮುಖ ಬಿಗಿಯಿತು. "ಯಾಕಂತೆ? ನನ್ನ ಕೈಕಾಲು ಬಿದ್ದುಹೋಗಿದೆಯಂತಾ? ಮೂವತ್ತೊಂದು ವರ್ಷ ಶಾಲೆ ಬಸ್ಸು ಓಡಿಸಿದೋಳು ನಾನು. ಒಂದು ಕೋಳಿಯನ್ನೂ ಸಾಯಿಸಿಲ್ಲ. ಅವಳ ಮೂಗನ್ನ ಅವಳ ಮನೇಲೇ ಇಟ್ಕೊಂಡಿರಲಿ ಅಂತ ಹೇಳು ಆ ಟೀಚರಮ್ಮಂಗೆ."

ಒತೀಲಿಯಾ ಏನೂ ತಿಳಿಯದವಳ ಹಾಗೆ ಹುಡುಗಿಯ ಮುಖ ನೋಡಿದಳು. ಡಾರ್ಸಿ ಅಜ್ಜಿಯನ್ನು ನೋಡಿದಳು, ಟೀಚರನ್ನು ನೋಡಿದಳು. ನಡುವೆ ಬೇರೆ ಯಾರೂ ಇರಲಿಲ್ಲ. ಹೇಳಿದರೆ ಅವಳೇ ಹೇಳಬೇಕು. ತುಟಿ ಎರಡು ಸಲ ಅಲುಗಿತು.

"ಅಜ್ಜಿ… ಬೇಡ… ಅಂತಾಳೆ" ಎಂದಳು ಸ್ಪ್ಯಾನಿಷಿನಲ್ಲಿ. ತನ್ನ ದನಿಗೆ ತಾನೇ ಬೆಚ್ಚಿ, ಸ್ವಲ್ಪ ನಿಂತು, ಮತ್ತೆ ಸೇರಿಸಿದಳು. "ಅಜ್ಜಿ, ತುಂಬ ಥ್ಯಾಂಕ್ಸ್, ಅಂತಾಳೆ. ಅಜ್ಜಿ… ಕೋಳಿ… ಸಾಯಿಸಲ್ಲ."

ಒತೀಲಿಯಾ ಕೆನ್ನೆಯ ಒಳಭಾಗವನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಮಾಂಸದ ಕಟ್ಟೆಯ ಎದುರು ಎಷ್ಟು ಸಲ ಹೀಗೆ ನಿಂತಿದ್ದಳೋ. ನಗು ಬಂದದ್ದು ಹೌದು, ಅದರ ಬೆನ್ನಿಗೇ ಎದೆ ತುಂಬಿ ಬಂತು.

"ಸರಿ. ಅಜ್ಜಿಗೆ ನನ್ನ ಕಡೆಯಿಂದ ಒಂದು ಕಾಣಿಕೆ" ಎಂದು ಜೇಬಿನಿಂದ ಮೆಣಸಿನಕಾಯಿ ತೆಗೆದು ಅಂಗೈಯ ಮೇಲಿಟ್ಟು ಕಿಟಕಿಯ ಮುಂದೆ ಚಾಚಿದಳು. "ನೀನು ನೀರು ಹಾಕಿದ ಗಿಡದ್ದು. ನಮ್ಮ ಊರಲ್ಲಿ ಊಟಕ್ಕೆ ಕೂತವರನ್ನ ಮೊದಲು ಕೇಳೋದೇ ಯಾವ ಮೆಣಸಿನಕಾಯಿ ಗೊಜ್ಜು ಬೇಕು ಅಂತ, ಅದೇ ಮಾತು ಅಜ್ಜಿಯನ್ನೂ ಕೇಳು. ನನ್ನ ಕೈಯಲ್ಲಿರೋದು ಕೆಂಪೋ, ಹಸಿರೋ?"

ಡಾರ್ಸಿ ಟೀಚರ ಕಣ್ಣನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳೋ, ಅಷ್ಟು ಹೊತ್ತೂ ಒತೀಲಿಯಾ ಕಣ್ಣು ತಪ್ಪಿಸಲಿಲ್ಲ.

"ಏನಂತೆ ಪುಟ್ಟೀ?" ಎಂದಳು ವರ್ನಾ.

ಹುಡುಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ವರ್ನಾ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣಿನ ಅಂಚಿನಿಂದ ಆ ಅಂಗೈಯನ್ನು ಹುಡುಕಿದಳು. "ಯಾವುದು ಪುಟ್ಟೀ?" ಎಂದಳು, ತೀರ ತಗ್ಗಿದ ದನಿಯಲ್ಲಿ. "ಬೇಗ ಹೇಳು. ಅವಳಿಗೆಲ್ಲಿ ಅರ್ಥ ಆಗುತ್ತೆ."

ಹೇಳಬಹುದಿತ್ತು. ಇಂಗ್ಲಿಷಿನ ಒಂದೇ ಪದ. ಎರಡು ತಿಂಗಳಿಂದ ದಿನಾ ದಾರಿಯುದ್ದಕ್ಕೂ ಹೇಳಿದ ಪದ. ದೇವರೇ, ಆ ಮಗುವಿಗೆ ಬಲ ಕೊಡು, ಎಂದು ಒತೀಲಿಯಾ ಬೇಡಿಕೊಂಡಳು. ಆಕೆಯ ಚಾಚಿದ ಕೈ ನೋಯತೊಡಗಿತು.

"ಕೆಂಪು, ಮಾಯೆಸ್ತ್ರಾ" ಎಂದಳು ಡಾರ್ಸಿ, ಸ್ಪ್ಯಾನಿಷಿನಲ್ಲಿ. "ಅಜ್ಜಿಗೆ ಕಾಣಲ್ಲ. ನಾನು ನೋಡ್ತೀನಿ. ದಾರೀಲಿ… ಕೆಂಪು, ಹಸಿರು… ನಾನು ಹೇಳ್ತೀನಿ. ನನಗೆ ಭಯ."

ಒತೀಲಿಯಾ ಮೆಣಸಿನಕಾಯಿಯನ್ನು ಕಾರಿನ ಮೇಲಿಟ್ಟು ಮಂಡಿಯೂರಿ ಮಗುವನ್ನು ಅಪ್ಪಿಕೊಂಡಳು.

"ಏನೇ ಹೇಳಿದೆ ಅವಳಿಗೆ?" ಎಂದಳು ವರ್ನಾ.

"ನಿಜ ಹೇಳ್ದೆ ಅಜ್ಜಿ."

"ಯಾವ ಭಾಷೇಲಿ?"

"ಅವರ ಭಾಷೇಲಿ."

"ನಿಂಗೆ ಬರುತ್ತಾ?"

"ಗೊತ್ತಿಲ್ಲ" ಎಂದಳು ಹುಡುಗಿ, ಟೀಚರ ಭುಜದಿಂದ ಮುಖವೆತ್ತದೆ. "ಈಗ ಬಂತು."

ರೇಡಿಯೋದಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು. ವರ್ನಾ ಅದನ್ನು ಆರಿಸಿದಳು. ಕೀಲಿಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಲಿಯಾಂದ್ರೊನನ್ನು ಕರೆದು ತಾ ಎಂದು ಒತೀಲಿಯಾ ಹುಡುಗಿಯನ್ನು ಕಳಿಸಿದಳು. ಅವಳು ಗೇಟು ದಾಟಿ ಒಳಗೆ ಹೋಗುವವರೆಗೆ ನೋಡಿ, ಕಿಟಕಿಗೆ ಬಗ್ಗಿ, ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದಳು: "ನಿಮ್ಮ ಮನೆ ನನಗೆ ದಾರಿಯಲ್ಲೇ ಸಿಗುತ್ತೆ. ನನಗೇನೂ ತೊಂದರೆ ಇಲ್ಲ."

ವರ್ನಾ ಬೆಚ್ಚಿಬಿದ್ದಳು. "ನಿನಗೆ… ನೀನು…"

"ಅವಳಿಗೆ ಹೇಳಬೇಡಿ."

"ಹಾಗಾದ್ರೆ ಆ ಮೂಗಿನ ಮಾತು?"

"ಕೇಳಿಸ್ತು. ಕೋಳಿ ಮಾತೂ ಕೇಳಿಸ್ತು."

ಮುದುಕಿಯ ಬಾಯಿಂದ ಒಂದು ನಗು ಹೊರಟು ಅರ್ಧದಲ್ಲೇ ಅಳುವಾಯಿತು. ಅಂಗೈಯಿಂದ ಕಣ್ಣು ಒತ್ತಿಕೊಂಡಳು. "ಕ್ರಿಸ್ಮಸ್‌ಗೆ ಕಾರು ಓಡಿಸೋದು ನಿಲ್ಲಿಸೋಣ ಅಂತಿದ್ದೆ. ಅದಕ್ಕೆ ಮುಂಚೆ ಹೋದ ಈಸ್ಟರ್‌ಗೆ ಅಂದ್ಕೊಂಡಿದ್ದೆ. ಮಗನಿಗೆ ಹೇಳಿದ್ರೆ ಕೆಲಸ ಬಿಟ್ಟು ಬರ್ತಾನೆ, ತಿನ್ನೋದೇನು? ಆ ಮಗು ಇಲ್ಲಿಗೆ ಬರೋಕೆ ಬೆಳಿಗ್ಗೆ ಐದಕ್ಕೇ ಎದ್ದು ಬೂಟು ಹಾಕ್ಕೊಂಡು ಕೂತಿರುತ್ತೆ. ಮೂವತ್ತೊಂದು ವರ್ಷ ಊರವರ ಮಕ್ಕಳನ್ನ ಸುಖವಾಗಿ ಮನೆ ಮುಟ್ಟಿಸಿದೆ. ನನ್ನ ಮನೆ ಮಗುವನ್ನ…" ಮಾತು ನಿಲ್ಲಿಸಿ ಕೀಲಿಯನ್ನು ಕಿಟಕಿಯಿಂದ ಹೊರಗೆ ಚಾಚಿದಳು. ಒತೀಲಿಯಾಳ ಕೈ ಎಲ್ಲಿದೆಯೆಂದು ಕಾಣದೆ ಆ ಕೀಲಿ ಗಾಳಿಯಲ್ಲಿ ತಡಕಾಡಿತು. ಒತೀಲಿಯಾ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು.

"ಗುಟ್ಟು ಇಟ್ಕೊಳ್ಳೋಕೆ ನನಗೆ ಬರುತ್ತೆ ಬಿಡಮ್ಮ" ಎಂದಳು ವರ್ನಾ, ಮೂಗು ಸ್ವಚ್ಛ ಮಾಡಿಕೊಳ್ಳುತ್ತ. "ಈಗ ತಾನೇ ನೋಡಿದೆಯಲ್ಲ."

ಆ ಸಂಜೆ ಲಿಯಾಂದ್ರೊ ಕಂದು ಕಾರನ್ನು ಓಡಿಸಿಕೊಂಡು ವರ್ನಾಳನ್ನೂ ಡಾರ್ಸಿಯನ್ನೂ ಮನೆಗೆ ಬಿಟ್ಟ. ವರ್ನಾಳ ಮಗನಿಗೆ ಫೋನು ಮಾಡಿದ. ಲೈಸೆನ್ಸ್ ಕಚೇರಿಯವರು ಬರುವ ಮೊದಲೇ ವರ್ನಾ ತನ್ನ ಲೈಸೆನ್ಸನ್ನು ಲಕೋಟೆಯಲ್ಲಿಟ್ಟು ಕಳಿಸಿದಳು. ವೈದ್ಯರು ನೋಡಿ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಕಾರಿಗೆ ಟಾರ್ಪಾಲು ಹೊದಿಸಿದ ದಿನ ಮುದುಕಿ ಊಟ ಮಾಡಲಿಲ್ಲವೆಂದು ಡಾರ್ಸಿ ಹೇಳಿದಳು. ಟೀಚರು ತಮ್ಮ ಕಾರಿನಲ್ಲಿ ವಿದ್ಯಾರ್ಥಿನಿಯನ್ನು ಕರೆತರಲು ಮೂರು ಕಾಗದಗಳಿಗೆ ಸಹಿಯಾಗಬೇಕಿತ್ತು, ಆಯಿತು. ಇಪ್ಪತ್ತೆಂಟನೇ ತಾರೀಕಿನ ಪರಿಶೀಲನೆಗೆ ಹ್ಯಾಸ್ಕೆಲ್ ಮೇಷ್ಟರು ಚಿತ್ರಗಳ ಕಟ್ಟು ತಂದರು. ಡಾರ್ಸಿ ಇಪ್ಪತ್ತರಲ್ಲಿ ಹನ್ನೊಂದು ಚಿತ್ರಗಳಿಗೆ ಸ್ಪ್ಯಾನಿಷ್ ಹೆಸರು ಹೇಳಿದಳು. ಕೋಳಿಯ ಚಿತ್ರ ಬಂದಾಗ ಮಾತ್ರ ಒಂದು ಇಡೀ ವಾಕ್ಯ ಹೇಳಿದಳು. ಅವಳನ್ನು ತರಗತಿಯಲ್ಲಿ ಉಳಿಸಿಕೊಂಡರು.

ಆದರೆ ಮೆಣಸಿನ ಪಾತಿಯಲ್ಲಿ ಅವಳು ಇಂಗ್ಲಿಷ್ ಮಾತಾಡುವುದನ್ನು ನಿಲ್ಲಿಸಿದಳು. ಈಗ ಅಲ್ಲಿಯೂ ಮುರುಕು ಸ್ಪ್ಯಾನಿಷ್. "ಹುಳ ಇದೆ." "ನೀರು ಮುಗಿಯಿತು." "ಇದು ದೊಡ್ಡದು." ಟೀಚರಾಗಿ ಒತೀಲಿಯಾ ಬೇಡಿದ್ದು ಅದನ್ನೇ. ಆದರೆ ಬಟಾಣಿಯ ಕಥೆ, ಅಪ್ಪನ ಕಥೆ, ಫೋಟೋದ ಅಮ್ಮನ ಕಥೆ ಮತ್ತೆ ಬರಲಿಲ್ಲ. ಅಷ್ಟು ಹೇಳುವಷ್ಟು ಹೊಸ ಭಾಷೆ ಆ ಮಗುವಿನಲ್ಲಿ ಇನ್ನೂ ಬೆಳೆದಿರಲಿಲ್ಲ. ಅಥವಾ ಆ ದಿನ ಕಾರಿನ ಬಳಿ ಅಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಅವಳಿಗೆ ಏನಾದರೂ ಹೊಳೆದಿತ್ತೋ, ಒತೀಲಿಯಾಳಿಗೆ ತಿಳಿಯದು. ಕೇಳುವಂತೆಯೂ ಇರಲಿಲ್ಲ. ಊಟದ ಹೊತ್ತಿನ ಆ ಅರ್ಧ ಗಂಟೆ ಈಗ ಉದ್ದವಾಗಿ ಕಾಣುತ್ತಿತ್ತು.

ನವೆಂಬರ್ ಎರಡು, ಸತ್ತವರ ದಿನ. ಒತೀಲಿಯಾ ಹೂವು ಇಟ್ಟುಕೊಂಡು ಎಂದಿಗಿಂತ ಬೇಗ ಹೊರಟಿದ್ದಳು. ಸಮಾಧಿಗೆ ಹೋಗಿ ಹಿಂದಿರುಗುವಾಗ ಡಾರ್ಸಿಯನ್ನು ಹತ್ತಿಸಿಕೊಳ್ಳುವುದು ವಾಡಿಕೆ. ಆದರೆ ಹೋಗುವಾಗಲೇ ಹುಡುಗಿ ಬೂಟು, ಕೋಟು ಹಾಕಿಕೊಂಡು ರಸ್ತೆಯ ಬದಿಯಲ್ಲಿ ನಿಂತಿದ್ದಳು. ಪಕ್ಕದಲ್ಲಿ ಅವಳ ಭುಜ ಹಿಡಿದು ವರ್ನಾ. "ನಾನೂ ಬರ್ತೀನಿ" ಎಂದಳು ಹುಡುಗಿ ಸ್ಪ್ಯಾನಿಷಿನಲ್ಲಿ. ವರ್ನಾ ಒತೀಲಿಯಾಳ ಕಾರಿನ ಶಬ್ದದ ಕಡೆ ಮುಖಮಾಡಿ, ಏನೂ ಅರಿಯದವಳ ಹಾಗೆ ಗಂಭೀರವಾಗಿ ಕೈ ಬೀಸಿದಳು.

ಇಗರ್ಜಿಯ ಹಿಂದೆ ಮಂಜು ಹುಲ್ಲಿನ ಮೇಲೆ ಬೆಳ್ಳಗೆ ಕೂತಿತ್ತು. ಒತೀಲಿಯಾ ಹೂವಿಟ್ಟು ಜಪಸರ ಮುಗಿಸುವವರೆಗೆ ಡಾರ್ಸಿ ಕೈ ಕಟ್ಟಿ ನಿಂತಿದ್ದಳು. ಆಮೇಲೆ ಕಲ್ಲಿನ ಮೇಲಿನ ಹೆಸರನ್ನು ಬೆರಳಿನಿಂದ ತೋರಿಸಿ, ಯಾರು ಎಂದು ಕೇಳಿದಳು.

"ನನ್ನ ಗಂಡ, ಎಲಿಸೇಯೊ. ಅಂಗಡೀಲಿ ನನ್ನ ಪರವಾಗಿ ಇಂಗ್ಲಿಷ್ ಮಾತಾಡ್ತಿದ್ದವರು."

ಡಾರ್ಸಿ ತಲೆಯಾಡಿಸಿದಳು. ಸ್ವಲ್ಪ ಯೋಚಿಸಿ, ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಟೀಚರಿಗೆ ಬೆನ್ನು ಮಾಡಿ, ಇಂಗ್ಲಿಷಿನಲ್ಲಿ ಮಾತಾಡತೊಡಗಿದಳು.

"ಮಿಸ್ಟರ್ ಎಲಿಸೇಯೊ, ನಾನು ಡಾರ್ಸಿ. ಅವರಿಗೆ ಇದು ಅರ್ಥ ಆಗಲ್ಲ, ಅದಕ್ಕೇ ನಿಮಗೆ ಹೇಳ್ತಿದೀನಿ. ಅವರು ಬೆಳಿಗ್ಗೆ ಕಾರಲ್ಲಿ ಅಳ್ತಾರೆ. ದಿನಾ ಅಲ್ಲ, ಸೋಮವಾರ ಜಾಸ್ತಿ. ನಾನು ಕಿಟಕಿ ಕಡೆ ನೋಡ್ತೀನಿ, ನೋಡಿದ್ರೆ ಅವರಿಗೆ ನಾಚಿಕೆ ಆಗುತ್ತೆ. ಮಾಂಸ ತರೋಕೆ ತುಂಬ ದೂರ ಹೋಗ್ತಾರಂತೆ, ಯಾದಿರಾ ಹೇಳಿದ್ಳು. ನೀವೇನೂ ಯೋಚನೆ ಮಾಡ್ಬೇಡಿ. ಶನಿವಾರ ನಾನು ಅವರ ಜೊತೆ ಅಂಗಡಿಗೆ ಹೋಗ್ತೀನಿ. ಎಷ್ಟು ಪೌಂಡು ಬೇಕು ಅಂತ ನಾನೇ ಹೇಳ್ತೀನಿ. ಸರಿಯಾಗೇ ಹೇಳ್ತೀನಿ."

ಒತೀಲಿಯಾ ಎದುರಿನ ಗುಡ್ಡಗಳನ್ನು ನೋಡುತ್ತ ನಿಂತಳು. ಗುಡ್ಡಗಳು ಕಲಸಿಹೋಗಿದ್ದವು. ಉಸಿರು ಹದಕ್ಕೆ ಬರುವವರೆಗೆ ಕಾದು, ಸ್ಪ್ಯಾನಿಷಿನಲ್ಲಿ ಕೇಳಿದಳು: "ಏನು ಹೇಳಿದೆ ಕಂದಾ ಅವರಿಗೆ?"

ಡಾರ್ಸಿ ಎದ್ದು ಕೋಟಿನ ಅಂಚಿನ ಮಂಜು ಒರೆಸಿಕೊಂಡಳು. "ನಮಸ್ಕಾರ ಹೇಳಿದೆ, ಅಷ್ಟೇ" ಎಂದಳು.

ಹೆದ್ದಾರಿ ಸೇರುವಲ್ಲಿ ಸಿಗ್ನಲ್ ಬಿದ್ದಿತ್ತು. ಹಿಂದಿನ ಸೀಟಿನಿಂದ ಹುಡುಗಿಯ ದನಿ ಬಂತು. "ಕೆಂಪು, ಮಾಯೆಸ್ತ್ರಾ."

"ನನಗೆ ಕಾಣುತ್ತೆ ಕಂದಾ."

"ಗೊತ್ತು. ಸುಮ್ಮನೆ ಹೇಳಿದೆ."

ಇಬ್ಬರೂ ಕಾದರು. ಎದುರಿಗೆ ಅಡ್ಡಲಾಗಿ ಹುಲ್ಲು ತುಂಬಿದ ಲಾರಿಯೊಂದು ನಿಧಾನವಾಗಿ ಹಾದುಹೋಯಿತು.

"ಈಗ ಹಸಿರು" ಎಂದಳು ಡಾರ್ಸಿ.